ಹಿಟ್ಟು ತೊಳಸುವ ಹನಿಮೂನು

"ನಂಗೆ ಹಿಟ್ಟು ತೊಳಸಕ್ಕೆ ಬರಲ್ಲ ಕಣ್ರೀ."

ಮದುವೆಯಾದ ಐದನೆಯ ದಿನ ಬೆಳಿಗ್ಗೆ, ಹಿತ್ತಲಲ್ಲಿ ಹಲ್ಲುಜ್ಜುತ್ತ ನಿಂತಿದ್ದ ಸ್ವಾಮಿಯ ಕಿವಿಯಲ್ಲಿ ಹೆಂಡತಿ ನವ್ಯಶ್ರೀ ಇಷ್ಟು ಉಸುರಿದ್ದೇ ತಡ, ಅವನು ಬಾಯಲ್ಲಿದ್ದ ಪೇಸ್ಟಿನ ನೊರೆಯನ್ನೆಲ್ಲ ನುಂಗಿಬಿಟ್ಟ.

ನುಂಗದೆ ಇನ್ನೇನು ಮಾಡಿಯಾನು? ಮದುವೆಗೆ ಬರಲಾಗದ ದೊಡ್ಡಪ್ಪ ದೊಡ್ಡಹನುಮಯ್ಯನವರು ಇವತ್ತು ಸಂಜೆ ಪರಿವಾರ ಸಮೇತ ಅಕ್ಕೂರಿಗೆ ಬರುವವರಿದ್ದರು. "ಕೋಳಿ ಸಾರು ನಂದು, ಹಿಟ್ಟು ಮಾತ್ರ ಹೊಸ ಸೊಸೆ ಕೈದು" ಎಂದು ತಾಯಿ ವೆಂಕಟಲಕ್ಷ್ಮಮ್ಮ ಆಗಲೇ ಬೀದಿಗೆಲ್ಲ ಸಾರಿಯಾಗಿತ್ತು. ಈ ದೊಡ್ಡಪ್ಪನೋ, ರಾಗಿ ಮುದ್ದೆಯನ್ನು ಹೆಬ್ಬೆರಳಿನಿಂದ ಒತ್ತಿ, ಸೀಳಿ, ಒಳಗೆ ಹಸಿ ಹಿಟ್ಟಿನ ಗಂಟು ಇದೆಯೇ ಎಂದು ಪೊಲೀಸರು ಮನೆ ಶೋಧಿಸಿದಂತೆ ಶೋಧಿಸುವ ಮನುಷ್ಯ. ಲಿಂಗಯ್ಯನ ಸೊಸೆ ಮಾಡಿದ ಮುದ್ದೆಯಲ್ಲಿ ಅವರಿಗೊಮ್ಮೆ ಗಂಟು ಸಿಕ್ಕಿತ್ತು. ಅದಾಗಿ ಹದಿನೈದು ವರ್ಷವಾಗಿದೆ. ಆಕೆಯನ್ನು ಊರು ಇವತ್ತಿಗೂ 'ಗಂಟವ್ವ' ಎಂದೇ ಕರೆಯುತ್ತದೆ.

ಸ್ವಾಮಿ ಬಿಡದಿಯ ಕಾರ್ಖಾನೆಯೊಂದರಲ್ಲಿ ಕಾರಿನ ಸೀಟಿಗೆ ಬೋಲ್ಟು ಬಿಗಿಯುವವನು. ಹನಿಮೂನಿಗೆಂದು ಉಳಿಸಿಕೊಂಡಿದ್ದು ಒಂದೇ ಒಂದು ದಿನದ ರಜೆ. ಹೆಂಡತಿ ಇನ್ನೊಬ್ಬ ಗಂಟವ್ವನಾಗುವುದನ್ನು ತಪ್ಪಿಸಲು ಆ ಒಂದು ದಿನವನ್ನೂ ಪಣಕ್ಕಿಟ್ಟ. "ಸ್ನೇಹಿತನ ಮನೇಲಿ ಊಟಕ್ಕೆ ಕರ್ದವ್ರೆ, ನಾಕ್ ಗಂಟೆಗೆಲ್ಲ ಬಂದ್ಬುಡ್ತೀವಿ" ಎಂದು ತಾಯಿಗೆ ಹೇಳಿ ಚನ್ನಪಟ್ಟಣದ ಬಸ್ಸು ಹತ್ತಿದ.

ಜೊತೆಯ ಕೆಲಸಗಾರ ವಾಸಿಂನ ತಾಯಿ ನೂರ್ಜಹಾನ್, ಬೊಂಬೆ ಕಟೆಯುವ ಇಪ್ಪತ್ತು ಜನ ಕೆಲಸಗಾರರಿಗೆ ದಿನವೂ ಮುದ್ದೆ ಬೇಯಿಸಿ ಹಾಕುವ ಗಟ್ಟಿ ಹೆಂಗಸು.

"ಎಲ್ಲಾರೂ ಹನಿಮೂನ್‌ಗೆ ಊಟಿಗೆ ಹೋಗ್ತಾರೆ. ನೀವು ನಮ್ ಒಲೆ ಮುಂದೆ ಬಂದ್ ಕೂತ್ರಿ" ಎಂದು ನಕ್ಕು ಆಕೆ ಎಸರಿಟ್ಟಳು. "ಬಾ ಬೇಟಿ, ಕೋಲು ಹಿಡಿ."

ನವ್ಯಶ್ರೀ ಕೋಲನ್ನು ಪರೀಕ್ಷೆಗೆ ಕೂತವಳು ಪೆನ್ನು ಹಿಡಿದಂತೆ ಹಿಡಿದಳು. ಪಕ್ಕದ ಮನೆಯ ಹಾಜಿರಾ ಗೋಡೆಯ ಮೇಲಿಂದ ಕತ್ತು ಚಾಚಿದಳು. "ಅಯ್ಯೋ, ಡಿಗ್ರಿ ಓದಿದ್ ಕೈ ಅದು. ಗಂಡನ ಕೈಗೆ ಕೊಡು ಆಪಾ, ಅವ್ನು ತೋರ್ಸಿದ್ರೆ ಕಲೀತಾಳೆ."

ಕೋಲು ಸ್ವಾಮಿಯ ಕೈಗೆ ಬಂತು. ಬೋಲ್ಟು ಬಿಗಿಯುವ ಹುಮ್ಮಸ್ಸಿನಲ್ಲಿ ಅವನು ತಿರುಗಿಸಿದ. ಮೊದಲ ಪಾತ್ರೆಯಲ್ಲಿ ಮುದ್ದೆಗಿಂತ ಗಂಟುಗಳೇ ಹೆಚ್ಚಾದವು.

"ಕೋಳಿಗೆ ಹಾಕು" ಎಂದಳು ಹಾಜಿರಾ.

"ನಂಗೆ ಸರಿಯಾಗಿ ಅರ್ಥ ಆಗ್ಲಿಲ್ಲ, ಇನ್ನೊಂದ್ಸಲ ತೋರ್ಸಿ" ಎಂದಳು ನವ್ಯಶ್ರೀ ತಲೆ ತಗ್ಗಿಸಿ.

ಅಷ್ಟರಲ್ಲಿ ನೂರ್ಜಹಾನಳ ಗಂಡ ರಸೂಲ್ ಸಾಹೇಬರು ಒಳಗೆ ಬಂದರು. ಹೊಸ ಜೋಡಿಗೆ ಬರೀ ಕೋಲು ಕೊಟ್ಟರೆ ಏನು ಚೆಂದ ಎಂದು ಆಗಷ್ಟೇ ಕಟೆದು, ಕೆಂಪು ಹಳದಿ ಅರಗು ಬಳಿದು, ಬೊಂಬೆಯಂತೆ ಮಿರಮಿರ ಮಿಂಚುವ ಕೋಲು ತಂದಿದ್ದರು. ಉಡುಗೊರೆಯನ್ನು ಬೇಡವೆನ್ನುವುದು ಹೇಗೆ? ಸ್ವಾಮಿ ಅದರಲ್ಲೇ ತೊಳಸಿದ. ನಾಲ್ಕೇ ಸುತ್ತಿನಲ್ಲಿ ಅರಗು ಕರಗಿ, ಎರಡನೆಯ ಮುದ್ದೆ ಅರಿಸಿನ ಕುಂಕುಮ ಹಚ್ಚಿಕೊಂಡ ಮದುಮಗಳಂತೆ ಕಂಗೊಳಿಸಿತು.

"ಮೂವತ್ತು ವರ್ಷದಿಂದ ಅರಗು ಕರಗಿಸ್ತಾ ಇದೀರಿ" ಎಂದು ನೂರ್ಜಹಾನ್ ಗಂಡನನ್ನು ನೋಡಿದಳು. "ಬಿಸಿ ಹಿಟ್ಟಲ್ಲಿ ಅದು ಕರಗುತ್ತೆ ಅಂತ ಗೊತ್ತಾಗ್ಲಿಲ್ವಾ?"

ಸಾಹೇಬರು ಮುದ್ದೆಯನ್ನು ಬೆಳಕಿಗೆ ಹಿಡಿದು ನೋಡಿದರು. "ಕಲರ್ ಮಾತ್ರ ಚೆನ್ನಾಗಿ ಕೂತಿದೆ."

ಮೂರನೆಯ ಪಾತ್ರೆಯಲ್ಲಿ ಹಿಟ್ಟು ಹದಕ್ಕೆ ಬಂತು. ಸ್ವಾಮಿಗೆ ಎಷ್ಟು ಖುಷಿಯಾಯಿತೆಂದರೆ, ಕೈ ಒದ್ದೆ ಮಾಡಿಕೊಳ್ಳುವುದನ್ನೇ ಮರೆತು ಕುದಿಯುವ ಹಿಟ್ಟನ್ನು ಬಲ ಅಂಗೈಗೆ ತುಂಬಿಕೊಂಡ. ಅದು ಜಿಗಣೆಯಂತೆ ಕಚ್ಚಿಕೊಂಡಿತು. ಅವನು ಅಂಗಳದಲ್ಲಿ ಕುಣಿದ ಕುಣಿತ ನೋಡಿ ಹಾಜಿರಾ ತನ್ನ ಮನೆಯವರನ್ನೆಲ್ಲ ಗೋಡೆಯ ಬಳಿಗೆ ಕರೆದಳು.

ವಾಪಸು ಬರುವಾಗ ಬಸ್ಸಿನಲ್ಲಿ ನವ್ಯಶ್ರೀ ಅವನ ಹೆಗಲಿಗೆ ಒರಗಿ ನೆಮ್ಮದಿಯಾಗಿ ನಿದ್ದೆ ಹೋದಳು. ಅಂಗೈ ತುಂಬ ಬೊಬ್ಬೆ ಎದ್ದಿದ್ದ ಸ್ವಾಮಿ, ಇಡೀ ದಿನ ಇವಳು ಒಂದು ಸುತ್ತೂ ತೊಳಸಲಿಲ್ಲವಲ್ಲ ಎಂದು ಲೆಕ್ಕ ಹಾಕುತ್ತ ಬೆವರಿದ.

ಸಂಜೆ ದೊಡ್ಡಪ್ಪ ಬಂದು ಪಡಸಾಲೆಯಲ್ಲಿ ವಿರಾಜಮಾನರಾದರು. ಹೆಂಡತಿಯ ಬದಲು ತಾನೇ ತೊಳಸಿಬಿಡೋಣವೆಂದು ಸ್ವಾಮಿ ಅಡುಗೆಮನೆಗೆ ನುಗ್ಗಿದರೆ, "ಗಂಡಸ್ಗೆ ಒಲೆ ತಾವ ಏನ್ಲಾ ಕೆಲ್ಸ?" ಎಂದು ತಾಯಿ ಹೊರಗಟ್ಟಿದಳು. ಅವನು ಹಿತ್ತಲ ಕಿಟಕಿಗೆ ಓಡಿದ.

ಒಳಗೆ ನವ್ಯಶ್ರೀ ಸೆರಗು ಬಿಗಿದು, ದೊಡ್ಡ ಪಾತ್ರೆಯನ್ನು ಎರಡು ಪಾದಗಳ ನಡುವೆ ಒತ್ತಿ ಹಿಡಿದು, ಗರಗರ ತೊಳಸುತ್ತಿದ್ದಳು. ಕಣ್ಣು ಮುಚ್ಚಿ ತೆರೆಯುವುದರೊಳಗೆ ಮೂವತ್ತು ಮುದ್ದೆ ಒಂದೇ ಅಚ್ಚಿನಲ್ಲಿ ತೆಗೆದಂತೆ ಸಾಲಾಗಿ ಕುಳಿತವು.

"ನಿಂಗೆ ಬರ್ತಿತ್ತಾ?" ಎಂದ ಸ್ವಾಮಿ ಕಿಟಕಿಯ ಸರಳು ಹಿಡಿದು.

"ಹನ್ನೆರಡು ವರ್ಷದವಳಿದ್ದಾಗಿಂದ."

"ಮತ್ಯಾಕೆ ಬರಲ್ಲ ಅಂದೆ?"

"ಬರುತ್ತೆ ಅಂದಿದ್ರೆ ನನ್ನ ಈ ಹೊಸಿಲು ದಾಟಿಸ್ತಿದ್ರಾ?" ಅವಳು ದನಿ ತಗ್ಗಿಸಿದಳು. "ಮದುವೆ ಆದಾಗಿಂದ ಮನೆ ತುಂಬ ನೆಂಟರು. ಐದು ನಿಮಿಷ ನಿಮ್ ಪಕ್ಕ ಕೂತಿದ್ದು ಅಂದ್ರೆ ಇವತ್ತೇ."

ಸ್ವಾಮಿಯ ಕೈ ಉರಿ ಅರ್ಧ ಇಳಿಯಿತು. ಹೆಂಡತಿ ಗೆದ್ದಂತೆಯೇ, ಹನಿಮೂನೂ ಆದಂತೆಯೇ ಎಂದು ಬೀಗುತ್ತ ಹೋಗಿ ಪಂಕ್ತಿಯಲ್ಲಿ ಕುಳಿತ. ದೊಡ್ಡಪ್ಪ ಮುದ್ದೆ ಒತ್ತಿದರು, ಸೀಳಿದರು, ನುಂಗಿದರು. "ಬೆಣ್ಣೆ ಕಣ್ಲಾ" ಎಂದರು. ಆಮೇಲೆ ಅವರ ಕಣ್ಣು ಸ್ವಾಮಿಯ ಮುಟ್ಟದ ಎಲೆಯ ಮೇಲೆ ಬಿತ್ತು.

"ಯಾಕ್ಲಾ ತಿಂತಾ ಇಲ್ಲ? ಕೈಗೇನಾಯ್ತು?"

ನಿಜ ಹೇಳಿದರೆ ಊರವರ ಬಾಯಿಗೆ ಗಂಡಹೆಂಡಿರಿಬ್ಬರೂ ಸಿಕ್ಕಂತೆ. ಸ್ವಾಮಿಗೆ ಹೊಳೆದದ್ದು ಒಂದೇ. "ಹಂಗೇ ಕೆಂಗಲ್ಲಿಗೂ ಹೋಗಿದ್ವಿ ದೊಡ್ಡಪ್ಪ. ಆಂಜನೇಯನ ಮಂಗಳಾರತಿ ತಗೊಳೋವಾಗ ಸುಟ್ಕಂತು."

ದೊಡ್ಡಹನುಮಯ್ಯನವರ ತುತ್ತು ಅಲ್ಲೇ ನಿಂತಿತು. "ಹೆಂಡ್ತಿ ಜೊತೆಗಿದ್ಲಾ?"

"ಇದ್ಲು."

"ಒತ್ಕಂಡ್ ನಿಂತಿದ್ರಾ?"

ಸ್ವಾಮಿ ನಾಚಿ ತಲೆ ತಗ್ಗಿಸಿದ.

"ಅದೇ ಮತ್ತೆ. ಬ್ರಹ್ಮಚಾರಿ ದೇವ್ರ ಮುಂದೆ ಹಂಗೆ ನಿಂತ್ರೆ ಸುಡ್ದೆ ಬುಟ್ಟಾನಾ? ಒಂದು ಮಂಡಲ ವ್ರತ ಹಿಡೀಬೇಕು. ನಲವತ್ತೆಂಟು ದಿನ. ಮಾಂಸ ಮುಟ್ಟಂಗಿಲ್ಲ, ಹೆಂಡ್ತಿ ಕೋಣೆ ಕಡೆ ತಿರುಗಂಗಿಲ್ಲ."

ವೆಂಕಟಲಕ್ಷ್ಮಮ್ಮ ಕೆನ್ನೆ ಬಡಿದುಕೊಂಡು, ಮಗನ ಎಲೆಯಲ್ಲಿದ್ದ ಕೋಳಿ ತೊಡೆಯನ್ನು ಎತ್ತಿಕೊಂಡಳು. ಸಾರು ಬಡಿಸಲು ಬಂದ ನವ್ಯಶ್ರೀಯ ಸೌಟು ಗಾಳಿಯಲ್ಲೇ ನಿಂತಿತು. ಅವಳ ಮುಖ ಈಗ ನಿಜಕ್ಕೂ ಹಿಟ್ಟು ತೊಳಸಲು ಬಾರದವಳ ಮುಖದಂತಾಗಿತ್ತು.

"ಇವನ ಹಾಸ್ಗೆ ಜಗಲೀಲಿ ಹಾಕವ್ವ" ಎಂದರು ದೊಡ್ಡಪ್ಪ, ಇನ್ನೊಂದು ಮುದ್ದೆಗೆ ಎಲೆ ಸರಿಸುತ್ತ. "ಪಕ್ಕದಾಗೆ ನಂದೂ ಒಂದು ಹಾಕು. ವ್ರತ ಮುಗಿಯೋಗಂಟ ನಾನೇ ಇಲ್ಲಿದ್ದು ನೋಡ್ಕಂತೀನಿ. ಹೆಂಗೂ ಹಿಟ್ಟು ಚೆನ್ನಾಗೈತೆ."