ಕಣ್ಣು ಹೋದ ಕಡೆ ಸೈಕಲ್ಲು

"ಹ್ಯಾಂಡಲ್ ತಿರುಗಿಸೋ ಕಾಲ ಮುಗೀತು ಕಣೆ ದಾಕ್ಷಾಯಿಣಿ! ಇನ್ನೇನಿದ್ದರೂ ಕಣ್ಣು ತಿರುಗಿಸಿದರೆ ಸಾಕು!"

ಹೀಗೆಂದು ನಮ್ಮ ಯಜಮಾನರು ಗೋಣಿತಾಟು ಎಳೆದು ಹಿತ್ತಲಲ್ಲಿ ಸೈಕಲ್ಲನ್ನು ಅನಾವರಣ ಮಾಡಿದರು. ಸಭಿಕರು ಇಬ್ಬರೇ, ನಾನು ಮತ್ತು ನಮ್ಮ ಎಮ್ಮೆ. ಎಮ್ಮೆ ಹಗ್ಗ ಜಗ್ಗಿಕೊಂಡು ಹಿಂದೆ ಸರಿಯಿತು.

ಯಜಮಾನರದು ಮಿಕ್ಸಿ, ಫ್ಯಾನು ರಿಪೇರಿ ಅಂಗಡಿ. ರಿಪೇರಿ ಹೊಟ್ಟೆಪಾಡಿಗೆ, ಸಂಶೋಧನೆ ಊರಿನ ಗ್ರಹಚಾರಕ್ಕೆ. ಹೋದ ವರ್ಷ ದೋಸೆ ಮಗುಚುವ ಯಂತ್ರ ಮಾಡಿದ್ದರು. ದೋಸೆ ಮಗುಚಿತು ನಿಜ, ಎದುರುಮನೆಯ ಹೆಂಚಿನ ಮೇಲೆ!

ಈ ಸಲದ್ದು ನನ್ನ ಬಾಯಿಂದಲೇ ಶುರುವಾಯಿತು. ಬೆಳಗಿನ ಬಸ್ಸು ತಡವಾಗಿ ಬರತೊಡಗಿದ ಮೇಲೆ ಪಕ್ಕದೂರಿನ ಹೈಸ್ಕೂಲಿಗೆ ಹೊಲದ ದಾರಿಯಲ್ಲಿ ನಡೆದೂ ನಡೆದೂ ಮಂಡಿ ಹಿಡಿದುಕೊಂಡಿತ್ತು. "ಮತ್ತೆ ಸೈಕಲ್ ತುಳಿದರೆ ಹೇಗ್ರೀ?" ಅಂದುಬಿಟ್ಟೆ. ಲಂಗ ಉಡುವ ವಯಸ್ಸಿನಲ್ಲಿ ಓಡಿಸಿದ್ದು, ಆಮೇಲೆ ಮುಟ್ಟಿರಲಿಲ್ಲ. ಅಂದ ಮರುಗಳಿಗೆಯೇ ನಾಚಿಕೆಯಾಯಿತು. ನಾನು ಗಣಿತದ ಟೀಚರು. ಊರಿನ ಅರ್ಧ ಜನ ನನ್ನ ಕೈಲಿ ಕಿವಿ ಹಿಂಡಿಸಿಕೊಂಡವರು. ಐವತ್ತರ ಹತ್ತಿರ ಬಂದ ಹೆಂಗಸು ಅವರೆದುರು ಧೊಪ್ಪನೆ ಬಿದ್ದರೆ, ಮಾರನೇ ದಿನ ಬೋರ್ಡಿನ ಮುಂದೆ ಯಾವ ಮುಖ ಇಟ್ಟುಕೊಂಡು ನಿಲ್ಲಲಿ?

"ಬೀಳೋ ಮಾತೇ ಇಲ್ಲ!" ಎಂದರು ಯಜಮಾನರು. "ಸೀಟಿನ ಕೆಳಗೆ ದೊಡ್ಡ ಬುಗುರಿ ತಿರುಗ್ತಾ ಇರುತ್ತೆ, ಅದು ನೆಟ್ಟಗೆ ಹಿಡಿದಿರುತ್ತೆ. ಒಂದು ಸಲ ತುಳಿ, ಮೋಟಾರು ಹಿಡಿಯುತ್ತೆ. ಮುಂದಿನ ಈ ಡಬ್ಬಿ ನಿನ್ನ ಕಣ್ಣನ್ನೇ ಗಮನಿಸ್ತಾ ಇರುತ್ತೆ. ನೀನು ಎಲ್ಲಿ ನೋಡಿದರೆ ಅಲ್ಲಿಗೆ ಸವಾರಿ!"

"ಬ್ರೇಕು?"

"ನೆಲ ನೋಡು. ನಿಲ್ಲುತ್ತೆ."

"ಬ್ರೇಕ್ ಹಾಕೋಕೆ ಮರೆತುಬಿಟ್ಟು ನೆಲ ತೋರಿಸ್ತಿದ್ದೀರಾ?"

"ಎಲ್ಲಾದಕ್ಕೂ ಕೊಂಕು! ಹತ್ತು, ಹತ್ತು!"

ಹೈಸ್ಕೂಲಿಗೆ ಹೊರಡುವ ಹೊತ್ತೇ ಆಗಿತ್ತು; ಬೀದಿಗೆ ತಂದು ಹತ್ತಿದೆ. ನಿಜ ಹೇಳುತ್ತೇನೆ, ಬೀಳಲಿಲ್ಲ! ಬೀದಿಯ ತುದಿ ನೋಡಿದೆ, ತುದಿಗೆ ಹೋಯಿತು. ಎಡಕ್ಕೆ ನೋಡಿದೆ, ಎಡಕ್ಕೆ ತಿರುಗಿತು. ಹೆಮ್ಮೆಯಿಂದ ಕತ್ತೆತ್ತಿದ್ದೇ ತಡ, ಎದುರಿಗೆ ಚಿಕ್ಕತಾಯಮ್ಮನ ಬೋಂಡದ ಅಂಗಡಿ. ಬಾಣಲೆಯಲ್ಲಿ ಮೆಣಸಿನಕಾಯಿ ಬೋಂಡ ಹೊಂಬಣ್ಣಕ್ಕೆ ತಿರುಗುತ್ತಿತ್ತು. ಡಾಕ್ಟರು ಎಣ್ಣೆ ತಿಂಡಿ ಮುಟ್ಟಕೂಡದು ಅಂದಿದ್ದರು. ನೋಡಕೂಡದು ಅಂದಿರಲಿಲ್ಲವಲ್ಲ!

ಸೈಕಲ್ಲು ಸೀದಾ ಬಾಣಲೆಗೇ ನುಗ್ಗಿತು!

"ಅಯ್ಯಯ್ಯೋ ಟೀಚರಮ್ಮಾ! ಬೋಂಡ ಬೇಕಿದ್ರೆ ಇಳಿದು ಕೇಳಿ ತಾಯಿ!" ಚಿಕ್ಕತಾಯಮ್ಮ ಜಾಲರಿ ಸೌಟನ್ನು ಗುರಾಣಿಯಂತೆ ಹಿಡಿದಳು. ಅವಮಾನದಿಂದ ತಲೆ ತಗ್ಗಿಸಿದೆ. ನೆಲ ಕಂಡಿತು. ಸೈಕಲ್ಲು ಗಕ್ಕನೆ ನಿಂತಿತು, ಊರಿನ ನಟ್ಟನಡುವೆ, ಅರಳಿಕಟ್ಟೆಯ ಮೇಲಿದ್ದವರ ಮೂಗಿನ ಮುಂದೆ! ನಾಚಿಕೆಯಾದರೆ ಮನುಷ್ಯರು ಓಡಿಹೋಗುತ್ತಾರೆ. ನನ್ನ ಸೈಕಲ್ಲಿಗೆ ನನ್ನ ನಾಚಿಕೆಯೇ ಬ್ರೇಕು.

ಅಷ್ಟರಲ್ಲಿ ಗುರಾಣಿಯ ಭರಾಟೆಗೆ ಕಡಲೆಹಿಟ್ಟಿನ ಪಾತ್ರೆ ಉರುಳಿ, ಹಿಟ್ಟೆಲ್ಲ ಡಬ್ಬಿಯ ಮೇಲೂ ನನ್ನ ಮುಖಕ್ಕೂ ಸಿಡಿಯಿತು. ಡಬ್ಬಿ ಚಿರ್ ಎಂದಿತು.

ಯಜಮಾನರು ಏದುಸಿರು ಬಿಡುತ್ತ ಓಡಿಬಂದರು. "ಕೆಟ್ಟೆವು! ಅದಕ್ಕೀಗ ನಿನ್ನ ಕಣ್ಣು ಯಾವುದು, ಊರವರ ಕಣ್ಣು ಯಾವುದು ಅಂತ ಗೊತ್ತಾಗ್ತಿಲ್ಲ! ಯಾರು ನೋಡಿದರೂ ಅದರ ಪಾಲಿಗೆ ಸಿಗ್ನಲ್ಲೇ, ನೋಡಿದವರ ಕಡೆಗೇ ನುಗ್ಗುತ್ತೆ!"

ಅವರು ಹೀಗನ್ನುವಾಗ ಊರೆಲ್ಲ ನನ್ನನ್ನೇ ನೋಡುತ್ತಿತ್ತು!

ಸೈಕಲ್ಲು ಮೊದಲು ಪಂಚಾಯ್ತಿ ಅಧ್ಯಕ್ಷ ಬಂಗಾರಪ್ಪಾಜಿಯ ಮೇಲೆ ಹೊರಟಿತು. ಎಂಟನೇ ಕ್ಲಾಸಿನಲ್ಲಿ ಬೀಜಗಣಿತಕ್ಕೆ ಹೆದರಿ ಹುಣಸೆಮರ ಹತ್ತಿ ಕೂತಿದ್ದವನು. "ಮಿಸ್, ನಾನೇನು ಮಾಡ್ದೆ ಮಿಸ್?" ಎಂದು ಓಡಿದ. ಓಡುತ್ತಲೇ ತಿರುಗಿ ನೋಡಿದ. ನೋಡಿದಷ್ಟೂ ಸೈಕಲ್ಲು ಬೆನ್ನು ಹತ್ತಿತು! ಅವನು ನಲ್ಲಿಯ ಮರೆಗೆ ಹೋದರೆ ನಲ್ಲಿಯ ಬಳಿಯ ಹೆಂಗಸರು ನೋಡಿದರು. ಬಿಂದಿಗೆಗಳು ಉರುಳಿದವು. ಕ್ಷೌರದಂಗಡಿಯಿಂದ ಅರ್ಧ ಗಡ್ಡದವನೊಬ್ಬ ಇಣುಕಿದ, ಅಂಗಡಿಯೊಳಗೂ ಹೋಗಿಬಂದೆ! ನನ್ನ ಸೀರೆಯ ಸೆರಗು ಹಿಂದಿನ ಚಕ್ರಕ್ಕೆ ಸಿಕ್ಕಿ ಚೂರಾಯಿತು, ಹಣೆಯ ಮೇಲೆ ಬೋಂಡದ ಹಿಟ್ಟು ಇಳಿಯುತ್ತಿತ್ತು. ನೆಲ ನೋಡಿ ನೋಡಿ ನನಗೆ ಕತ್ತು ನೋವು ಬಂತು. ಇಷ್ಟು ಜನರ ಕಣ್ಣಿನ ನಡುವೆ ನನ್ನೆರಡು ಕಣ್ಣಿನ ಮಾತು ಯಾರು ಕೇಳಬೇಕು?

ಅಷ್ಟರಲ್ಲಿ ಬೋಂಡದ ಅಂಗಡಿಯ ಪಕ್ಕ ತೊಟ್ಟಿಲಂಥ ಬುಟ್ಟಿಯಲ್ಲಿ ಮಲಗಿದ್ದ ಹಸುಗೂಸೊಂದು ಎಚ್ಚರಗೊಂಡು ನನ್ನನ್ನು ನೋಡಿ ಕಿಲಕಿಲ ನಕ್ಕಿತು. ಸೈಕಲ್ಲು ಅತ್ತ ತಿರುಗಿತು.

ಅದುವರೆಗೆ ಮಾನದ ಚಿಂತೆ ಇತ್ತು, ಈಗ ಅದೂ ಹೋಯಿತು. ಕ್ಲಾಸಿನ ದನಿ ತಾನಾಗಿ ಬಂತು:

"ಯಾವನೂ ನನ್ನ ನೋಡಕೂಡದು! ಎಲ್ಲಾರೂ ಗೋಡೆ ಕಡೆ ತಿರುಗಿ! ಕೂಸಿನ ಕಣ್ಣು ಮುಚ್ಚಿ!"

ಇಡೀ ಊರು ಒಂದೇ ಏಟಿಗೆ ತಿರುಗಿತು! ಚಿಕ್ಕತಾಯಮ್ಮ ಕೂಸಿನ ಮೇಲೆ ಸೆರಗು ಹೊದಿಸಿ ತಾನೂ ತಿರುಗಿದಳು. ಬಂಗಾರಪ್ಪಾಜಿಯಂತೂ ಹೇಳದಿದ್ದರೂ ಕೈ ಕಟ್ಟಿದ. ಯಜಮಾನರೂ ಗೋಡೆಗೆ ಮೂಗು ತಾಗಿಸಿದರು.

ಉಳಿದದ್ದು ನನ್ನ ಕಣ್ಣು ಮಾತ್ರ. ಊರಾಚೆಯ ಹೈಸ್ಕೂಲಿನ ದಾರಿ ನೋಡಿದೆ. ಸೈಕಲ್ಲು ಮೆಲ್ಲನೆ ಹೊರಳಿ ಹೊರಟಿತು. ಎರಡೂ ಕಡೆ ಜೋಳದ ಹೊಲ, ಮುಖಕ್ಕೆ ಗಾಳಿ. ಇಳಿಜಾರಿನಲ್ಲಿ ಎರಡೂ ಕಾಲು ಎತ್ತಿ ಚಾಚಿದೆ! ಕೊಂಚ ಹೊತ್ತು ನಾನು ಯಾರ ಟೀಚರೂ ಆಗಿರಲಿಲ್ಲ. ಅಷ್ಟು ಚೆನ್ನಾಗಿ ಸೈಕಲ್ ಬಿಟ್ಟೆ. ಆದರೆ ನೋಡಲು ಒಂದು ನರಪಿಳ್ಳೆ ಇಲ್ಲ!

ಅತ್ತ ಊರಿಗೆ ಬಸ್ಸು ಬಂದಿತಂತೆ. ಊರಿಗೆ ಊರೇ ಮಾತಿಲ್ಲದೆ ಗೋಡೆಗೆ ಮುಖ ಮಾಡಿ ನಿಂತಿರುವುದನ್ನು ಕಂಡ ಕಂಡಕ್ಟರು ಮೆಲ್ಲಗೆ ಕೇಳಿದನಂತೆ:

"ಯಾರಪ್ಪಾ ಹೋದದ್ದು?"

ಬಂಗಾರಪ್ಪಾಜಿ ತಿರುಗದೆಯೇ ಹೇಳಿದನಂತೆ: "ನಮ್ಮ ಟೀಚರು. ಈಗ ತಾನೇ ಹೋದರು."

ನಾನು ಹೈಸ್ಕೂಲು ಮುಟ್ಟುವ ಹೊತ್ತಿಗೆ ಬಸ್ಸೂ ಸುದ್ದಿಯೂ ನನಗಿಂತ ಮೊದಲೇ ಮುಟ್ಟಿದ್ದವು. ಮಕ್ಕಳು ಸಾಲಾಗಿ ನಿಂತು ಮೌನಾಚರಣೆ ಮಾಡುತ್ತಿದ್ದರು. ಹೆಡ್ಮಾಸ್ಟರು ನನ್ನ ಗುಣಗಾನ ಮಾಡುತ್ತಿದ್ದರು. ಸೇವಂತಿಗೆ ಹಾರವೂ ಬಂದಿತ್ತು.

ಭಾಷಣ ಚೆನ್ನಾಗಿತ್ತು. ಮುಗಿಯುವ ತನಕ ಕಾಂಪೌಂಡಿನ ಹಿಂದೆಯೇ ನಿಂತಿದ್ದೆ.