ಕಳ್ಳಗಾಳಿ

ಓಂಕಾರಮೂರ್ತಿಯವರ ಹಳೆಯ ಕಾರಿಗೆ ಓಡುವುದರಲ್ಲಿ ಯಾವ ತಕರಾರೂ ಇರಲಿಲ್ಲ. ತಕರಾರೆಲ್ಲ ನಿಲ್ಲುವುದರಲ್ಲಿತ್ತು. ಆಕ್ಸಿಲರೇಟರ್ ಮೇಲೆ ಕಾಲಿರುವಷ್ಟು ಹೊತ್ತು ಅದು ಮರ್ಯಾದಸ್ಥರ ಮನೆಯ ಗಾಡಿಯಂತೆ ಹೋಗುತ್ತಿತ್ತು. ಕಾಲು ತೆಗೆದರೆ ಸಾಕು, ಚಳಿಜ್ವರ ಬಂದವರಂತೆ ನಡುಗಿ, ಕೆಮ್ಮಿ, ಆರಿಹೋಗುತ್ತಿತ್ತು. ಸೀಟಿನ ಮೇಲೆ ಚುರುಮುರಿಯ ಸಾಮಾನು ಇಟ್ಟರೆ ಮನೆ ಮುಟ್ಟುವಷ್ಟರಲ್ಲಿ ತಾನೇ ಕಲಸಿಕೊಂಡಿರುತ್ತದೆ ಎಂದು ಅವರ ಹೆಂಡತಿ ನಾಗಶ್ರೀ ಹೇಳುತ್ತಿದ್ದರು.

ಮಳೆಗಾಲದಿಂದಲೂ ಹೀಗೇ ನಡೆದಿತ್ತು. ಸ್ಟೇರಿಂಗ್ ಎದುರಿಗೆ ಎಂಜಿನ್ನಿನ ಚಿತ್ರವಿರುವ ಹಳದಿ ದೀಪವೊಂದು ಹತ್ತಿಕೊಂಡೇ ಇತ್ತು. ಅದೇನೆಂದು ಯಾರಾದರೂ ಕೇಳಿದರೆ, ಗಾಡಿಯೊಳಗೆ ಎಂಜಿನ್ ಇದೆ ಎಂದು ತಿಳಿಸುವ ದೀಪ ಎಂದುಬಿಡುತ್ತಿದ್ದರು. ಮೂಡಿಗೆರೆಯಲ್ಲಿ ಟಾರ್ಪಾಲು, ಗೋಣಿಚೀಲದ ಅಂಗಡಿ ಇಟ್ಟುಕೊಂಡವರಿಗೆ ಕಾಫಿ ಕೊಯ್ಲಿನ ಕಾಲದಲ್ಲಿ ಗ್ಯಾರೇಜಿಗೆ ಹೋಗಲು ಪುರುಸೊತ್ತೆಲ್ಲಿ?

ಆದರೆ ಆ ಭಾನುವಾರ ಕಾರು ನಡುಗುವಂತಿರಲಿಲ್ಲ. ಸಂಜೆ ಸಮುದಾಯ ಭವನದಲ್ಲಿ ರಂಗಮ್ಮನವರಿಗೆ ಸನ್ಮಾನವಿತ್ತು. ರಂಗಮ್ಮ ಬಾಳೂರಿನ ಕಡೆ ಜೀವಮಾನವಿಡೀ ನರ್ಸ್ ಆಗಿ ದುಡಿದವರು. ಓಂಕಾರಮೂರ್ತಿಯವರ ಮಗಳು ಶಿಲ್ಪಾ ಹುಟ್ಟಿದ್ದು ಅವರ ಕೈಯಲ್ಲೇ. ನಾಗಶ್ರೀ ಹೆರಿಗೆಗೆಂದು ಬಾಳೂರಿನ ತವರಿಗೆ ಹೋಗಿದ್ದಾಗ, ನೋವು ಕಾಣಿಸಿಕೊಂಡ ದಿನವೇ ಮರ ಬಿದ್ದು ರಸ್ತೆ ಬಂದಾಗಿತ್ತು. ರಂಗಮ್ಮ ಆ ಮರ ಹತ್ತಿ ಇಳಿದು, ಔಷಧಿ ಚೀಲವನ್ನು ತಲೆಯ ಮೇಲೆ ಹೊತ್ತು, ಕಾಲಿಗೆ ಹತ್ತಿದ ಜಿಗಣೆಗಳನ್ನು ಕಿತ್ತು ಹಾಕಲೂ ನಿಲ್ಲದೆ ಒಳಗೆ ಬಂದಿದ್ದರು. ಕೂಸು ಅಳದೇ ಇದ್ದಾಗ ಅಳಿಸಿದವರೂ ಅವರೇ.

ಹಾಗಾಗಿ ರಂಗಮ್ಮನವರನ್ನು ಕರೆತರುವ ಕೆಲಸವನ್ನು ಓಂಕಾರಮೂರ್ತಿ ಬೇಡಿ ಪಡೆದಿದ್ದರು. ಪಕ್ಕದ ಬೇಕರಿಯ ರೇವಣ್ಣ ತನ್ನ ವ್ಯಾನ್ ಕೊಡುತ್ತೇನೆಂದರೂ ಒಪ್ಪಿರಲಿಲ್ಲ.

"ನನ್ನ ಮಗಳನ್ನ ನನ್ನ ಕೈಗೆ ಕೊಟ್ಟೋರು ಅವ್ರು, ರೇವಣ್ಣ. ಬನ್ನು ತರೋ ವ್ಯಾನಲ್ಲಿ ಕೂರಿಸ್ಲಿಕ್ಕಾಗುತ್ತಾ?"

ರೇವಣ್ಣನಿಗೆ ಬೇಸರವಾಗಲಿಲ್ಲ. ಬೆಳಿಗ್ಗೆ ಅಂಗಡಿಯೆದುರು ಕಾರು ನಡುಗುವ ಸದ್ದು ಕೇಳಿ, ಕೈಗೆ ಮೆತ್ತಿದ ಮೈದಾಹಿಟ್ಟನ್ನು ಒರೆಸಿಕೊಳ್ಳುತ್ತ ಬಂದ. ಹಿಂದೆಯೇ ಭೂತಯ್ಯ ಬಂದರು. ಎಸ್ಟೇಟಿನಲ್ಲಿ ಜೀಪ್ ಓಡಿಸಿ ನಿವೃತ್ತರಾದ ಅವರು ಬಾನೆಟ್ ಎತ್ತಿಸಿ, ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬುರೇಟರ್ ಹುಡುಕತೊಡಗಿದರು. ಈ ಕಾರಿಗೆ ಅದು ಇರುವುದಿಲ್ಲ, ಎಲ್ಲ ಸೆನ್ಸರ್ ನೋಡಿಕೊಳ್ಳುತ್ತದೆ ಎಂದು ರೇವಣ್ಣ ಹೇಳಿದಾಗ ಅವರ ಮುಖ ಸಣ್ಣದಾಯಿತು.

"ಮನುಷ್ಯಂಗೆ ಹೊಟ್ಟೆನೇ ಇಲ್ಲ ಅಂದಂಗಾಯ್ತಲ್ಲ ಮಾರಾಯ," ಎಂದು ಕಾರಿನ ಕಡೆ ಮರುಕದಿಂದ ನೋಡಿದರು.

ಮೂರನೆಯವನು ಮೊಬೈಲ್ ಅಂಗಡಿಯ ಶಶಿಕಿರಣ್. ಅವನ ಬಳಿ ಬೆಂಕಿಪೊಟ್ಟಣದಷ್ಟು ದೊಡ್ಡದೊಂದು ಯಂತ್ರವಿತ್ತು. ಅದನ್ನು ಸ್ಟೇರಿಂಗ್ ಕೆಳಗೆ ಚುಚ್ಚಿದರೆ ಕಾರಿನ ಕಾಯಿಲೆಯೆಲ್ಲ ಮೊಬೈಲಿನಲ್ಲಿ ಮೂಡುತ್ತಿತ್ತು. ಎಂಜಿನ್ನಿಗೆ ಗಾಳಿ ಜಾಸ್ತಿ, ಪೆಟ್ರೋಲು ಕಮ್ಮಿ ಎಂದು ಮೂಡಿತು. ಸೈಲೆನ್ಸರಿನ ಪೈಪಿನಲ್ಲಿ ಕೂತು ಹೊಗೆಯ ವಾಸನೆ ನೋಡುವ ಸೆನ್ಸರ್ ಸುಳ್ಳು ಹೇಳುತ್ತಿದೆ ಎಂದು ಶಶಿಕಿರಣ್ ತೀರ್ಮಾನಿಸಿದ. ಅಲ್ಲ, ಒಳಗೆ ಹೋಗುವ ಗಾಳಿ ಅಳೆಯುವ ಸೆನ್ಸರ್‌ಗೆ ಧೂಳು ಹಿಡಿದಿದೆ ಎಂದು ರೇವಣ್ಣ ವಾದಿಸಿದ. ಅವನು ರಾತ್ರಿಯೆಲ್ಲ ವಿಡಿಯೋ ನೋಡಿದ್ದ. ಎರಡೂ ಇರಬಹುದು ಎಂದು ಓಂಕಾರಮೂರ್ತಿ ಇಬ್ಬರಿಗೂ ಕಾಫಿ ತರಿಸಿದರು. ಸಹಾಯಕ್ಕೆ ಬಂದವರನ್ನು ಬೇಡ ಎನ್ನುವುದು ಅವರು ಕಲಿಯದ ವಿದ್ಯೆ. ಜನ ತಮ್ಮ ಕೆಲಸ ಬಿಟ್ಟು ಬಂದಿದ್ದಾರೆ ಎಂಬುದನ್ನು ನೆನೆದರೇ ಅವರಿಗೆ ಇನ್ನೊಂದು ಸುತ್ತು ಕಾಫಿ ತರಿಸೋಣ ಎನ್ನಿಸುತ್ತಿತ್ತು.

ಒಂದು ಸೆನ್ಸರ್ ಬಿಚ್ಚಿ ಒರೆಸಿ ಹಾಕಿದರು. ಕಾರು ಮೊದಲಿನಂತೆಯೇ ನಡುಗಿತು. ಇನ್ನೊಂದರ ವೈರ್ ಕಿತ್ತರು. ಕಾರು ನಡುಗುವುದನ್ನು ಬಿಟ್ಟು ಸತ್ತೇಹೋಯಿತು. ವೈರ್ ಮತ್ತೆ ಸಿಕ್ಕಿಸಿದ್ದಾಯಿತು. ಬ್ಯಾಟರಿ ಬಿಚ್ಚಿ ಹಾಕಿದರೆ ಕಾರಿನ ತಲೆ ಸರಿಹೋಗುತ್ತದೆ ಎಂದು ಯಾರೋ ದಾರಿಹೋಕರು ಹೇಳಿದರು. ಹಾಗೆ ಮಾಡಿದ್ದೇ ಹಾರನ್ ಹೊಡೆದುಕೊಳ್ಳಲು ಶುರುವಾಗಿ, ನಿಲ್ಲಿಸುವ ಬಗೆ ಯಾರಿಗೂ ತಿಳಿಯದೆ, ಬಸ್ ಸ್ಟ್ಯಾಂಡಿನ ಕಡೆಯಿಂದ ಜನ ಮದುವೆ ದಿಬ್ಬಣ ಬಂತೇನೋ ಎಂಬಂತೆ ನೋಡಲು ಬಂದರು. ಹಾರನ್ ತಾನಾಗಿಯೇ ಸುಮ್ಮನಾದ ಮೇಲೆ ಭೂತಯ್ಯ ಆಕ್ಸಿಲರೇಟರ್ ಒತ್ತಿ ಹಿಡಿದು, ಎಂಜಿನ್ನಿನ ಗಂಟಲು ಬಿಡಿಸುತ್ತೇನೆಂದು ಬೀದಿ ತುಂಬ ಹೊಗೆ ಎಬ್ಬಿಸಿದರು.

ಆ ಜನಜಂಗುಳಿಯಲ್ಲಿ ಸಿಕ್ಕಿಬಿದ್ದ ಬೈಕಿನಲ್ಲಿ ಗ್ಯಾರೇಜಿನ ಮಲ್ಲೇಶ್ ಇದ್ದ. ಬಿಡಿಭಾಗ ತರಲು ಚಿಕ್ಕಮಗಳೂರಿಗೆ ಹೊರಟಿದ್ದವನು, ದಾರಿ ಬಿಡಿಸಿಕೊಳ್ಳಲು ಬೇರೆ ಉಪಾಯವಿಲ್ಲದೆ ಬೈಕ್ ಇಳಿದ. ಬೈಕಿನ ಪೆಟ್ಟಿಗೆಯಿಂದ ಕ್ಲೀನರ್ ಸ್ಪ್ರೇ ತೆಗೆದು, ನಡುಗುತ್ತಿದ್ದ ಎಂಜಿನ್ನಿನ ಮೇಲೆ ಅಲ್ಲಲ್ಲಿ ಹೊಡೆದ. ಹಿಂಭಾಗದ ಒಂದು ಮೂಲೆಗೆ ಹೊಡೆದಾಗ ಅದು ಒಳಗೆ ಎಳೆದುಕೊಂಡು ಹೋಗಿ ಎಂಜಿನ್ನಿನ ಸದ್ದು ತಟ್ಟನೆ ಬದಲಾಯಿತು. ಅಲ್ಲಿ ಕೈಬೆರಳಿನಷ್ಟು ದಪ್ಪದ ರಬ್ಬರ್ ಪೈಪೊಂದು ಸೀಳಿತ್ತು. ಅದರ ಮೂಲಕ ಲೆಕ್ಕಕ್ಕೆ ಸಿಗದ ಕಳ್ಳಗಾಳಿ ಎಂಜಿನ್ನಿನ ಒಳಗೆ ಹೋಗುತ್ತಿತ್ತು.

"ಸೆನ್ಸರ್ ಸುಳ್ಳು ಹೇಳ್ಲಿಲ್ಲ ಅಣ್ಣ. ಗಾಳಿ ಜಾಸ್ತಿ ಆಗಿದೆ ಅಂತ ಪಾಪ ದೂರು ಕೊಟ್ಟಿದೆ," ಎಂದ ಮಲ್ಲೇಶ್. "ನಾವು ಕಳ್ಳನ್ನ ಬಿಟ್ಟು ದೂರು ಕೊಟ್ಟೋನನ್ನೇ ಹಿಡಿದು ಹೊಡಿತಾ ಇದೀವಿ."

ಅದೇ ಪೆಟ್ಟಿಗೆಯಲ್ಲಿದ್ದ ಹೊಸ ಪೈಪ್ ಹಾಕಿ, ಅವನು ಬಂದಷ್ಟೇ ಅವಸರದಲ್ಲಿ ಹೊರಟುಹೋದ. ಶಶಿಕಿರಣ್ ತನ್ನ ಯಂತ್ರದಿಂದ ಹಳದಿ ದೀಪ ಆರಿಸಿದ. ಓಂಕಾರಮೂರ್ತಿ ಹೆದರುತ್ತ ಹೆದರುತ್ತ ಆಕ್ಸಿಲರೇಟರಿನಿಂದ ಕಾಲು ತೆಗೆದರು. ಕಾರು ನಡುಗಲಿಲ್ಲ. ಕೆಮ್ಮಲೂ ಇಲ್ಲ. ನಿದ್ದೆ ಹೋದ ಮಗುವಿನಂತೆ ಉಸಿರಾಡುತ್ತ ನಿಂತಿತು. ಅವರು ಇಳಿದು ಬಂದು ಮೂವರ ಕೈಯನ್ನೂ ಹಿಡಿದುಕೊಂಡರು. ರೇವಣ್ಣನ ಕಣ್ಣೂ ಒದ್ದೆಯಾಯಿತು; ಕಾರಿನ ಅರ್ಧ ರೋಗ ತಾನೇ ವಾಸಿ ಮಾಡಿದೆನೆಂದು ಅವನಿಗೆ ಅಷ್ಟರಲ್ಲಿ ಅನ್ನಿಸತೊಡಗಿತ್ತು.

ಬಾಳೂರಿನ ದಾರಿಯುದ್ದಕ್ಕೂ ಓಂಕಾರಮೂರ್ತಿ ವೇದಿಕೆಯ ಮೇಲೆ ಆಡಬೇಕಾದ ಮಾತುಗಳನ್ನು ಗಟ್ಟಿಯಾಗಿ ಅಭ್ಯಾಸ ಮಾಡಿದರು. ಏರಿನಲ್ಲಿ ಕಾರು ಹೂವಿನಂತೆ ಹತ್ತಿತು. ರಂಗಮ್ಮನವರ ಮನೆಯಂಗಳದಲ್ಲಿ ಹ್ಯಾಂಡ್ ಬ್ರೇಕ್ ಎಳೆದು ಇಳಿದಾಗ, ಪಕ್ಕದ ಎಸ್ಟೇಟಿನಲ್ಲಿ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಗಡಗಡ ಎನ್ನುತ್ತಿತ್ತು.

ರಂಗಮ್ಮ ಇನ್ನೂ ಸೀರೆ ಬದಲಾಯಿಸಿರಲಿಲ್ಲ. ಮೊದಲು ಕಡುಬು ತಿನ್ನಬೇಕು ಎಂದು ಕೂರಿಸಿದರು. ಕಡುಬಿನ ಜೊತೆ ಹಳೆಯದೆಲ್ಲ ಬಂತು. ಆ ದಿನ ನಾಗಶ್ರೀ ಧೈರ್ಯವಾಗಿಯೇ ಇದ್ದರಂತೆ. ಜಗುಲಿಯಲ್ಲಿ ತಲೆ ಸುತ್ತಿ ಬಿದ್ದ ಓಂಕಾರಮೂರ್ತಿಯವರ ಮುಖಕ್ಕೆ ನೀರು ಚಿಮುಕಿಸಲು ರಂಗಮ್ಮ ಎರಡು ಸಲ ಹೊರಗೆ ಬರಬೇಕಾಗಿತ್ತಂತೆ. ಇಬ್ಬರೂ ನಕ್ಕರು. ನಗುತ್ತಿದ್ದಂತೆ ಓಂಕಾರಮೂರ್ತಿಯವರಿಗೆ ತಡೆಯಲಾಗಲಿಲ್ಲ. ವೇದಿಕೆಗೆಂದು ಇಟ್ಟುಕೊಂಡಿದ್ದ ಮಾತೆಲ್ಲ ಅಡುಗೆಮನೆಯ ಮಣೆಯ ಮೇಲೇ ಬಂದುಬಿಟ್ಟಿತು.

"ಅವತ್ತು ನೀವು ಮರ ಬಿದ್ದಿದೆ ಅಂತ ವಾಪಸ್ ಹೋಗಿದ್ರೆ ಯಾರೂ ಏನೂ ಅಂತಿರ್ಲಿಲ್ಲ ರಂಗಮ್ಮನೋರೆ. ನಮ್ಮನೇಲಿ ದಿನಾ ಕೇಳೋ ಶಿಲ್ಪಾನ ಮಾತು, ನಗು, ಜಗಳ ಎಲ್ಲಾ ನೀವು ಕೊಟ್ಟಿದ್ದು. ನಾನು ಒಂದಿನಾನೂ ಬಂದು ಇದನ್ನ ಹೇಳ್ಲಿಲ್ಲ."

ರಂಗಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು. ಸನ್ಮಾನ ಇಲ್ಲೇ ಆಯಿತು, ಇನ್ನು ಅಲ್ಲಿಗೆ ಯಾಕೆ ಎಂದರು. ಆಮೇಲೆ ಸೀರೆ ಉಟ್ಟುಕೊಳ್ಳಲು ಹೋದರು. ಕಳಿಸಿಕೊಡಲು ಅಕ್ಕಪಕ್ಕದವರು ಬಂದರು. ಅವರಿಗೂ ಕಾಫಿಯಾಯಿತು. ಅಂತೂ ಹೊರಗೆ ಬಂದು ಓಂಕಾರಮೂರ್ತಿ ಕೀಲಿ ತಿರುಗಿಸಿದರೆ ಕಾರು ಕುಂಯ್‌ಗುಟ್ಟಿತೇ ಹೊರತು ಸ್ಟಾರ್ಟ್ ಆಗಲಿಲ್ಲ. ಮತ್ತೆ ತಿರುಗಿಸಿದರು. ಮತ್ತೆಯೂ ಅಷ್ಟೆ. ರೇವಣ್ಣನಿಗೆ ಫೋನ್ ಮಾಡಿದರು. ಕಾರು ಮತ್ತೆ ಕೈಕೊಟ್ಟಿತು ಎಂದಷ್ಟೇ ಹೇಳಿದ್ದರು. ಈಗಲೇ ಬಂದೆವು ಎಂದು ಆ ಕಡೆ ಫೋನ್ ಇಟ್ಟಾಗಿತ್ತು.

ರಂಗಮ್ಮ ಕಾರಿನ ಹತ್ತಿರ ಬಂದು ಮೆಲ್ಲಗೆ ಹೇಳಿದರು:

"ನೀವು ಬಂದಾಗಿಂದ ಹಿಂದಿನ ಪೈಪಲ್ಲಿ ಹೊಗೆ ಬರ್ತಾನೇ ಇತ್ತಲ್ಲ ಮೂರ್ತಿಗಳೇ. ನಮ್ಮ ಬೆಕ್ಕು ಬೆಚ್ಚಗಿದೆ ಅಂತ ಬಾನೆಟ್ ಮೇಲೆ ಮಲಗಿತ್ತು. ಈಗ ಸೀರೆ ಉಡ್ತಾ ಕಿಟಕೀಲಿ ನೋಡ್ತೀನಿ, ಕಾರು ಒಂದ್ಸಲ ಅಲ್ಲಾಡಿ ನಿಂತ್ಹೋಯ್ತು. ಹೊಸ ಥರದ ಗಾಡಿ ಹೀಗೇನೋ ಅಂದ್ಕೊಂಡೆ."

ಓಂಕಾರಮೂರ್ತಿ ಸ್ಟೇರಿಂಗ್ ಹಿಡಿದವರು ಹಾಗೇ ಕೂತರು. ತಿಂಗಳುಗಟ್ಟಲೆ ಕಾರು ತಾನಾಗಿಯೇ ಆರಿಹೋಗುತ್ತಿತ್ತು. ಅದನ್ನು ಆರಿಸಬೇಕಾದವರು ತಾವು ಎಂಬುದನ್ನೇ ಅವರ ಕೈ ಮರೆತಿತ್ತು. ಪಲ್ಪರ್ ಸದ್ದಿನಲ್ಲಿ ಎಂಜಿನ್ನಿನ ಉಸಿರು ಕೇಳಿಸಿರಲಿಲ್ಲ. ಬೆಳಿಗ್ಗೆ ಭೂತಯ್ಯ ಹೊಗೆ ಮಾಡಿ ಉಳಿಸಿದ್ದ ಅಷ್ಟಿಷ್ಟು ಪೆಟ್ರೋಲು, ಅವರು ಒಳಗೆ ಕಣ್ಣೀರಿಡುತ್ತಿರುವಾಗ ಅಂಗಳದಲ್ಲಿ ನಿಂತಲ್ಲೇ ಮುಗಿದುಹೋಗಿತ್ತು. ಪೆಟ್ರೋಲಿನ ಮುಳ್ಳು ಕೆಟ್ಟು ಎಷ್ಟೋ ಕಾಲವಾಗಿದ್ದರಿಂದ ಅದು ಈಗಲೂ ಅರ್ಧ ಟ್ಯಾಂಕ್ ತೋರಿಸುತ್ತ ನೆಮ್ಮದಿಯಾಗಿತ್ತು.

ಮತ್ತೆ ಫೋನ್ ಮಾಡೋಣವೆಂದರೆ ರೇವಣ್ಣ ನೆಟ್‌ವರ್ಕ್ ಸಿಗದ ದಾರಿಯಲ್ಲಿದ್ದ. ವ್ಯಾನ್ ಬಂದು ನಿಂತಾಗ ಮೊದಲು ಇಳಿದವರು ಭೂತಯ್ಯ, ಮದುವೆಗೆ ಹಾಕುವ ಬಿಳಿ ಅಂಗಿಯ ತೋಳು ಮಡಚಿಕೊಳ್ಳುತ್ತ. ಹಿಂದೆ ಶಶಿಕಿರಣ್ ಯಂತ್ರ ಹಿಡಿದಿದ್ದ. ಸಭೆಯ ಮುಂದಿನ ಸಾಲು ಬಿಟ್ಟು, ತಿರುವಿನ ದಾರಿಯಲ್ಲಿ ಹೊಟ್ಟೆ ತೊಳಸಿಕೊಂಡು, ಅವರು ಓಂಕಾರಮೂರ್ತಿಯವರಿಗಾಗಿ ಬಂದಿದ್ದರು. ಆ ಮುಖಗಳನ್ನು ನೋಡಿ, ನಾನು ಕಾರು ಆಫ್ ಮಾಡಲು ಮರೆತೆ ಎಂಬ ಮಾತು ಓಂಕಾರಮೂರ್ತಿಯವರ ನಾಲಿಗೆಯ ತುದಿಯಲ್ಲೇ ನಿಂತಿತು.

ಶಶಿಕಿರಣ್ ಯಂತ್ರ ಚುಚ್ಚಿ ನೋಡಿದ. ಯಾವ ದೋಷವೂ ಇಲ್ಲ ಎಂದು ಬಂತು. ಅವನ ಮುಖ ಕಪ್ಪಿಟ್ಟಿತು. ಕಂಪ್ಯೂಟರಿಗೇ ಗೊತ್ತಾಗದ ರೋಗವೆಂದರೆ ಸಣ್ಣದಲ್ಲ ಎಂದು ಭೂತಯ್ಯನವರಿಗೆ ಪಿಸುಗುಟ್ಟಿದ.

ಹೊತ್ತಾಗುತ್ತಿತ್ತು. ರಂಗಮ್ಮನವರನ್ನು ರೇವಣ್ಣ ವ್ಯಾನಿನಲ್ಲಿ ಕೂರಿಸಿಕೊಂಡ. ಓಂಕಾರಮೂರ್ತಿಯೂ ಹತ್ತಬಹುದಿತ್ತು. ಆದರೆ ಭೂತಯ್ಯ ಅಷ್ಟರಲ್ಲಿ ಬಾನೆಟ್ಟಿನೊಳಗೆ ಅರ್ಧ ಮೈ ಇಳಿಸಿದ್ದರು. ನೀವು ಒಬ್ಬರೇ ಆಗಬಾರದು, ಇದನ್ನು ಸರಿಮಾಡಿಯೇ ನಾವು ಬರುವುದು ಎಂದು ಅಲ್ಲಿಂದಲೇ ಹೇಳಿದರು. ಅಂಥವರನ್ನು ಬಿಟ್ಟು ಹೇಗೆ ಹೋಗುವುದು?

ವ್ಯಾನಿನ ಕಿಟಕಿಯಿಂದ ರಂಗಮ್ಮ, ಹೇಳಿಬಿಡಲೇ ಎಂಬಂತೆ ಓಂಕಾರಮೂರ್ತಿಯವರ ಕಡೆ ನೋಡಿದರು. ಅವರು ಬೇಡವೆಂದು ಸಣ್ಣಗೆ ತಲೆಯಾಡಿಸಿದರು. ಬನ್ನಿನ ಪರಿಮಳ ಬಿಟ್ಟು ವ್ಯಾನ್ ಹೊರಟುಹೋಯಿತು.

ತುಸು ಹೊತ್ತಿಗೆ ಭೂತಯ್ಯ ಮೇಲೆದ್ದರು. ಬಿಳಿ ಅಂಗಿ ಕಪ್ಪಾಗಿತ್ತು, ಮುಖದಲ್ಲಿ ಬೆವರಿತ್ತು, ಕಣ್ಣಲ್ಲಿ ಬೆಳಿಗ್ಗೆಯಿಂದ ಕಾಣದ ಹೊಳಪಿತ್ತು. ಕೈಯಲ್ಲಿ ಕತ್ತರಿಸಿ ತೆಗೆದ ಆ ಹೊಸ ರಬ್ಬರ್ ಪೈಪಿತ್ತು.

"ಸಿಕ್ತು ಮೂರ್ತಿಗಳೇ. ಬೆಳಿಗ್ಗೆ ಇದನ್ನ ಹಾಕಿದ್ಮೇಲೇ ಅಲ್ವಾ ಹೀಗಾಗಿದ್ದು?"

ಹಾಗೆಂದು ಅದನ್ನು ಕಾಫಿ ಗಿಡಗಳ ಆಚೆ, ಇಳಿಜಾರಿಗೆ ಬೀಸಿ ಒಗೆದರು. ಅದು ಎಲ್ಲಿ ಬಿತ್ತೆಂದು ಓಂಕಾರಮೂರ್ತಿ ಒಮ್ಮೆ ಇಣುಕಿ ನೋಡಿದರು. ಆಮೇಲೆ ಭೂತಯ್ಯನವರ ಮಸಿ ಹಿಡಿದ ಎರಡೂ ಕೈಗಳನ್ನು ಹಿಡಿದುಕೊಂಡು, ನಿಮ್ಮ ಋಣ ಹೇಗೆ ತೀರಿಸಲಿ ಎಂದು ಮನಸಾರೆ ಕೇಳಿದರು.