ನಾವೇ ಜೋಡಿಸಿದ ಕ್ಯಾಮೆರಾ, ಕೈಗೆ ಸಿಗದ ಅಡುಗೆ ಅಕ್ಕ

ನಮ್ಮ ಶಾಲೆಯಲ್ಲಿ ಯಾವ ವಸ್ತುವನ್ನು ಜೋಡಿಸಿದರೂ ಕೊನೆಗೆ ಎರಡು ಸ್ಕ್ರೂ ಉಳಿಯುತ್ತವೆ, ಜೊತೆಗೆ ವರ್ಷಗಟ್ಟಲೆ ಹೇಳಿಕೊಂಡು ನಗುವುದಕ್ಕೊಂದು ಕಥೆ. ಹಾಸನದ ತರಬೇತಿಯಲ್ಲಿ ವಿಜ್ಞಾನದ ಟೀಚರಾದ ನನ್ನ ಕೈಗೆ ಒಂದು ಡಬ್ಬ ಕೊಟ್ಟರು. ಒಳಗಿದ್ದದ್ದು ಕ್ಯಾಮೆರಾ ಅಲ್ಲ, ಮುಂದೆ ಕ್ಯಾಮೆರಾ ಆಗಬೇಕಾದ ಸಾಮಾನು: ಲೆನ್ಸು, ಬೋರ್ಡು, ವೈರು, ಬೆಂಕಿಪೊಟ್ಟಣದಷ್ಟು ಪರದೆ. ಅರಕಲಗೂಡು ರಸ್ತೆಯ ನಮ್ಮ ಹೈಸ್ಕೂಲಿನ ಲ್ಯಾಬಿನಲ್ಲಿ ಮೂರು ಮಧ್ಯಾಹ್ನ ಕೂತು ಜೋಡಿಸಿದೆ. ಅದು ಆನ್ ಆದಾಗ ಎಲ್ಲರಿಗಿಂತ ಹೆಚ್ಚು ಆಶ್ಚರ್ಯವಾಗಿದ್ದು ನನಗೆ.

ಆನ್ ಆದ ಮೇಲೆ ಅದಕ್ಕೊಂದು ಕೆಲಸ ಬೇಕಲ್ಲ. ಕೆಲಸ ಕಣ್ಣೆದುರೇ ಇತ್ತು. ಬಿಸಿಯೂಟದ ಅಡುಗೆ ಅಕ್ಕನಿಗೆ ಅರವತ್ತು ತುಂಬಿತ್ತು, ತಿಂಗಳ ಕೊನೆಗೆ ಕೆಲಸ ಬಿಡಬೇಕು. ಆಫೀಸ್ ರೂಮಿನ ಗೋಡೆ ತುಂಬ ವರ್ಷಕ್ಕೊಂದರಂತೆ ಗ್ರೂಪ್ ಫೋಟೋಗಳಿವೆ, ಒಂದರಲ್ಲೂ ಅಕ್ಕ ಇಲ್ಲ. ಹೊಳೆನರಸೀಪುರದಿಂದ ಬರುವ ಫೋಟೋಗ್ರಾಫರು ಬೆಳಕು ಚೆನ್ನಾಗಿದೆ ಎಂದು ಹನ್ನೊಂದು ಗಂಟೆಗೇ ಎಲ್ಲರನ್ನೂ ನಿಲ್ಲಿಸುತ್ತಾರೆ. ಅಕ್ಕನ ಎಸರು ಕುದಿಯುವುದೂ ಆಗಲೇ. "ಅನ್ನಕ್ಕೆ ಇಟ್ಟಿವ್ನಿ, ನೀವು ತೆಗುಸ್ಕಳಿ ಮಿಸ್" ಎಂದು ಒಳಗೇ ಉಳಿಯುತ್ತಾಳೆ. ಈ ಸಲ ಬಿಡಬಾರದು ಅಂದುಕೊಂಡೆ. ಉಳಿದಿದ್ದು ಎರಡು ವಾರ.

೧. ಹಿಡಿ ತಿರುಗಿಸುವುದು

ಈ ಕ್ಯಾಮೆರಾಕ್ಕೆ ಚಾರ್ಜರ್ ಇಲ್ಲ. ಪಕ್ಕದಲ್ಲೊಂದು ಪುಟ್ಟ ಹಿಡಿ ಇದೆ, ಅದನ್ನು ತಿರುಗಿಸಿದರೆ ಒಳಗೆ ಕರೆಂಟು ತುಂಬುತ್ತದೆ. ಹೆಡ್ ಮಾಸ್ಟರು ಮೊದಲು ತಿರುಗಿಸಿದರು. ನಾಲ್ಕು ಸುತ್ತಿಗೆ ಬೆವರು ಒರೆಸಿಕೊಂಡು, "ಇದು ಫಿಸಿಕ್ಸ್ ಅಲ್ಲ, ವ್ಯಾಯಾಮ" ಎಂದು ಪಿ.ಟಿ. ಮೇಷ್ಟ್ರಿಗೆ ದಾಟಿಸಿದರು. ಅವರು ಎಷ್ಟು ಜೋರಾಗಿ ತಿರುಗಿಸಿದರೆಂದರೆ ಹಿಡಿಯೇ ಕಿತ್ತು ಕೈಗೆ ಬಂತು.

ನಾನು ಅದನ್ನು ಮತ್ತೆ ಕೂರಿಸುವಷ್ಟರಲ್ಲಿ ಅಕ್ಕ ಬಂದಳು. "ಕೊಡಿ ಇಲ್ಲಿ" ಎಂದು ನೆಲದ ಮೇಲೆ ಒಂದು ಕಾಲು ಚಾಚಿ ಕೂತು, ರಾಗಿ ಬೀಸುವವಳ ಹಾಗೆ ಒಂದೇ ಸಮ ತಿರುಗಿಸಿದಳು. ನೋಡನೋಡುತ್ತಲೇ ಹಸಿರು ದೀಪ ಹತ್ತಿತು.

ಹೆಡ್ ಮಾಸ್ಟರಿಗೆ ಬಹಳ ಸಂತೋಷವಾಯಿತು. "ಏನಮ್ಮ, ಇದನ್ನೂ ನಿನ್ನ ಡ್ಯೂಟಿಗೆ ಸೇರಿಸಿಬಿಡಲಾ?"

"ಸೇರಿಸಿ ಸಾ" ಎಂದು ಅಕ್ಕ ಸೆರಗು ಕೊಡವಿ ಎದ್ದಳು. ನಾನು ಕ್ಯಾಮೆರಾ ಎತ್ತಿ ಅವಳ ಕಡೆ ಹಿಡಿಯುವಷ್ಟರಲ್ಲಿ ಬಾಗಿಲು ದಾಟಿದ್ದಳು. "ಬೀಸೋದು ನಂದು. ಬೀಸಿದ್ದನ್ನ ತಿನ್ನೋದು ನಿಮ್ದು."

೨. ಫ್ಲ್ಯಾಶ್

ಅವಳು ಹೊರಗೆ ಬಾರದಿದ್ದರೆ ನಾನೇ ಒಳಗೆ ಹೋಗುವುದು ಎಂದುಕೊಂಡೆ. ಅಡುಗೆಮನೆ ಕತ್ತಲೆ. ಫ್ಲ್ಯಾಶ್ ಇರುವುದು ಅದಕ್ಕೇ ತಾನೆ? ಅಕ್ಕ ಸಾರಿನ ಮುಚ್ಚಳ ತೆಗೆದು ಈ ಕಡೆ ತಿರುಗಿದ ಕೂಡಲೇ ಒತ್ತಿದೆ. ಪಳ್ ಎಂದಿತು.

"ಅಯ್ಯೋ ನನ್ ಕಣ್ಣು. ಸಾರಿಗೆ ಉಪ್ಪು ಆಕಿದ್ನೋ ಇಲ್ವೋ ಮರ್ತೋಯ್ತು" ಅಂದಳು ಅಕ್ಕ.

ಪರದೆಯಲ್ಲಿ ನೋಡಿದರೆ ಬರೀ ಬಿಳುಪು. ಫ್ಲ್ಯಾಶಿನ ಬೆಳಕು ಹಬೆಗೇ ಬಡಿದು ವಾಪಸ್ ಬಂದಿತ್ತು. ಬೆಳಕಿನ ಪ್ರತಿಫಲನವನ್ನು ಇಪ್ಪತ್ತು ವರ್ಷದಿಂದ ಪಾಠ ಮಾಡುತ್ತಿರುವವಳು ನಾನು. ಆ ದಿನ ಸಾರಿಗೆ ಎರಡು ಸಲ ಉಪ್ಪು ಬಿದ್ದಿತ್ತು, ಇಡೀ ಶಾಲೆ ನಲ್ಲಿಯ ಮುಂದೆ ಸಾಲು ನಿಂತಿತ್ತು.

ಹೆಡ್ ಮಾಸ್ಟರು ಎರಡನೇ ಲೋಟ ನೀರು ಕುಡಿಯುತ್ತಾ ಆ ಚಿತ್ರವನ್ನು ದೂರ ಹಿಡಿದು ನೋಡಿದರು. "ಮೋಡ ಚೆನ್ನಾಗಿ ಬಂದಿದೆ ಮೇಡಂ. ಗೊರೂರು ಡ್ಯಾಮಿಗೆ ಯಾವಾಗ ಹೋಗಿದ್ರಿ?"

೩. ಒಬ್ಬರು ಇಬ್ಬರಾಗುವುದು

ಲೆನ್ಸಿನ ಮುಂದೆ ತಿರುಗುವ ಒಂದು ಚಕ್ರ ಇದೆ. ಒಂದು ಕಡೆ ತಿರುಗಿಸಿದರೆ ಮಾಮೂಲಿ ಫೋಟೋ. ಇನ್ನೊಂದು ಕಡೆ ಗಾಜಿನ ತುಂಡೊಂದು ಎದುರಿಗೆ ಬಂದು, ಒಬ್ಬರೇ ಅಕ್ಕಪಕ್ಕ ಎರಡು ಸಲ ಕಾಣುತ್ತಾರೆ. ಚಕ್ರ ಎಲ್ಲಿ ನಿಂತಿದೆ ಎಂದು ನೋಡದೆ, ಅಕ್ಕ ಕಾಯಿ ತುರಿಯುವಾಗ ಮೆಲ್ಲಗೆ ಹಿಂದಿನಿಂದ ಹೋಗಿ, "ಅಕ್ಕ" ಅಂದು ಒತ್ತಿದೆ. ಅವಳು ತಿರುಗುವುದು ಅರೆ ಕ್ಷಣ ತಡವಾಯಿತು. ಬಂದಿದ್ದು ಎರಡು ಬೆನ್ನು, ಎರಡು ತುರುಬು, ಎರಡು ಈಳಿಗೆಮಣೆ.

ಅಕ್ಕ ಕೈ ಒರೆಸಿಕೊಂಡು ಬಹಳ ಹೊತ್ತು ನೋಡಿದಳು. "ಇಬ್ರು ಅವ್ರಲ್ಲ ಮಿಸ್."

"ಇಬ್ಬರೂ ನೀನೇ ಕಣಕ್ಕ."

"ಒಳ್ಳೇದಾಯ್ತು ಬುಡಿ. ಒಬ್ಳು ಮನೆಗೋಗ್ಲಿ, ಒಬ್ಳು ಇಲ್ಲೇ ಇರ್ಲಿ."

ಅಕ್ಕ ಮತ್ತೆ ಕಾಯಿ ಹಿಡಿದಳು. "ಇಲ್ಲಿರೋಳಿಗೆ ಉಪ್ಪು ಜ್ಞಾಪ್ಕ ಮಾಡಿ."

೪. ಹತ್ತು ಸೆಕೆಂಡು

ಕೊನೆಯ ದಿನ ಬಂದೇ ಬಂತು. ಅಂಗಳದಲ್ಲಿ ಕುರ್ಚಿ ಹಾಕಿಸಿದೆವು. ನಾನೂ ಫೋಟೋದಲ್ಲಿ ಇರಬೇಕೆಂದು ಸ್ಟೂಲಿನ ಮೇಲೆ ಕ್ಯಾಮೆರಾ ಇಟ್ಟು ಟೈಮರ್ ಹಾಕುವುದೆಂದಾಯಿತು. ಒತ್ತಿದ ಮೇಲೆ ಕೆಂಪು ದೀಪ ಹತ್ತು ಸೆಕೆಂಡು ಮಿಣುಕುತ್ತದೆ, ಆಮೇಲೆ ಫೋಟೋ. ಅನ್ನ ಬೇಯುತ್ತಿತ್ತು. "ಹತ್ತೇ ಸೆಕೆಂಡು ಅಕ್ಕ" ಎಂದು ಅವಳ ಕೈಹಿಡಿದು ಎಳೆದು ತಂದೆ.

ಆದರೆ ನಮ್ಮಲ್ಲಿ ಗ್ರೂಪ್ ಫೋಟೋ ಎಂದರೆ ಹಿರಿತನದ ಪ್ರಕಾರ ಕೂರಬೇಕು. ಯಾರು ಜೂನ್‌ನಲ್ಲಿ ಸೇರಿದ್ದು, ಯಾರು ಆಗಸ್ಟ್‌ನಲ್ಲಿ, ಚನ್ನರಾಯಪಟ್ಟಣದಲ್ಲಿ ಮಾಡಿದ ಸರ್ವೀಸು ಲೆಕ್ಕಕ್ಕೆ ಬರುತ್ತದೋ ಇಲ್ಲವೋ ಎಂದು ಕಾಲು ಗಂಟೆ ಚರ್ಚೆಯಾಯಿತು. ಕೊನೆಗೆ ಪಿ.ಟಿ. ಮೇಷ್ಟ್ರು, "ಹಿರಿತನ ಅಂದ್ರೆ, ನಮ್ಮೆಲ್ಲರಿಗಿಂತ ಮೊದಲು ಬಂದೋರು ಅಕ್ಕ ಅಲ್ವಾ" ಎಂದರು.

ಹೆಡ್ ಮಾಸ್ಟರು ನಡುವಿನ ಕುರ್ಚಿಯಿಂದ ಎದ್ದು, ಕರ್ಚೀಫಿನಿಂದ ಅದರ ಧೂಳು ಒರೆಸಿದರು. "ಕೂತ್ಕೊಳ್ಳಮ್ಮ."

ಅಕ್ಕ ಕುರ್ಚಿಯ ತುದಿಯಲ್ಲಿ ಕೂತಳು. "ಎಷ್ಟೊತ್ತು ಇಂಗಿರ್ಬೇಕು?"

"ಕೆಂಪು ದೀಪ ನಿಲ್ಲೋವರೆಗೂ. ಅಲ್ಲಾಡಬೇಡ" ಎಂದು ನಾನು ಗುಂಡಿ ಒತ್ತಿ ಓಡಿಬಂದು ಕೂತೆ.

ಆಗ ಸೀದ ವಾಸನೆ ಬಂತು. "ಅನ್ನ" ಎಂದರು ಹೆಡ್ ಮಾಸ್ಟರು. ಮುಂದೆ ಏನಾಯಿತೋ, ಒಂಬತ್ತು ಜನ ಮೇಷ್ಟ್ರು ಟೀಚರುಗಳು ಒಟ್ಟಿಗೆ ಅಡುಗೆಮನೆಗೆ ಓಡಿದೆವು. ಒಳಗೆ ಹೋಗಿ ಪಾತ್ರೆಯನ್ನು ಸುತ್ತುವರಿದು ನಿಂತೆವು. ನೀರು ಹಾಕಬೇಕೋ, ಕಲಕಬೇಕೋ ಯಾರಿಗೂ ತಿಳಿಯದು. ಪಿ.ಟಿ. ಮೇಷ್ಟ್ರು ಗ್ಯಾಸಿನ ಗುಂಡಿ ತಿರುಗಿಸಿದರು, ಉರಿ ಇನ್ನಷ್ಟು ದೊಡ್ಡದಾಯಿತು.

ಅಂಗಳದಿಂದ ಅಕ್ಕನ ದನಿ ಬಂತು. "ಆಫ್ ಮಾಡಿ. ಕಲಕಬ್ಯಾಡಿ. ಮಿಸ್, ದೀಪ ನಿಂತೋಯ್ತು. ಏಳ್ಲಾ?"

ಫೋಟೋದಲ್ಲಿ ಒಂಬತ್ತು ಖಾಲಿ ಕುರ್ಚಿ, ಅದರಲ್ಲೊಂದು ಅಡಿಮೇಲು. ಅಂಚಿನಲ್ಲಿ ಯಾರದೋ ಒಂದು ಕಾಲು. ನಟ್ಟನಡುವೆ ಮೊಣಕಾಲ ಮೇಲೆ ಎರಡೂ ಕೈ ಇಟ್ಟುಕೊಂಡು ನೇರ ನೋಡುತ್ತಿರುವ ಅಕ್ಕ, ತುಟಿಯ ಕೊನೆಯಲ್ಲಿ ತಡೆದುಕೊಂಡ ನಗು.

"ಇನ್ನೊಂದು ತೆಗೆಯೋಣಕ್ಕ" ಎಂದೆ.

"ಬ್ಯಾಡ ಮಿಸ್, ಚೆನ್ನಾಗೈತೆ. ಯಾರೂ ಅಡ್ಡ ಇಲ್ಲ."

ಹೆಡ್ ಮಾಸ್ಟರು ಅದನ್ನೇ ಹಾಸನದಲ್ಲಿ ಕಟ್ಟು ಹಾಕಿಸಿ, ಎಂದಿನಂತೆ ಕೆಳಗೆ 'ಶಾಲಾ ಸಿಬ್ಬಂದಿ' ಎಂದು ಬರೆಸಿ ಗೋಡೆಗೆ ತೂಗುಹಾಕಿದರು. ಮೊನ್ನೆ ತಪಾಸಣೆಗೆ ಬಂದ ಅಧಿಕಾರಿಗಳು ಅದರ ಮುಂದೆ ನಿಂತರು. "ಏನ್ರೀ ಇದು, ಸಿಬ್ಬಂದಿ ಅಂತ ಬರೆಸಿದ್ದೀರಿ, ಇರೋದು ಒಬ್ಬರೇ. ಉಳಿದವರೆಲ್ಲಿ?"

ಹೆಡ್ ಮಾಸ್ಟರು ಕೈಕಟ್ಟಿ ನಿಂತು, ಎಳ್ಳಷ್ಟೂ ನಗದೆ ಹೇಳಿದರು: "ಕೆಲಸ ಕಲಿಯೋಕೆ ಒಳಗೆ ಹೋಗಿದ್ವಿ ಸಾರ್."